ಸೆಕೆಯ ಊರಿನಲ್ಲಿ ಉಣ್ಣೆಯ ಕೋಟು

ಕೋಟಿನ ವಿರುದ್ಧ ನಾನು ಬಾಯಿ ತೆರೆದಾಗಲೆಲ್ಲ ಈ ಊರಿನಲ್ಲಿ ಯಾರಾದರೊಬ್ಬರು ಹೊಸ ಕೋಟು ಹೊಲಿಸಿಕೊಳ್ಳುತ್ತಾರೆ. ಒಮ್ಮೆ ಆಗಿದ್ದರೆ ಆಕಸ್ಮಿಕ ಅನ್ನುತ್ತಿದ್ದೆ. ಈಗ ಅದು ನನ್ನ ಹಣೆಬರಹ ಎಂದು ಒಪ್ಪಿಕೊಂಡಿದ್ದೇನೆ.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಪಣಂಬೂರಿನ ಬಂದರಿನಲ್ಲಿ ಗೊಬ್ಬರದ ಮೂಟೆ ಹೊತ್ತೆ, ಆಮೇಲೆ ಮೂಟೆ ಹೊರುವವರ ಪರವಾಗಿ ಕೂಗಿದೆ. ಓದಿದ್ದೆಲ್ಲ ಲೈಬ್ರರಿಯ ಬೆಂಚಿನ ಮೇಲೆ. ಬನಿಯನ್ನೇ ಭಾರವೆನಿಸುವ ಮಂಗಳೂರಿನಲ್ಲಿ ಮನುಷ್ಯರಿಗೆ ಕೋಟು ತೊಡಿಸಿದವರು ಯಾರು ಎಂಬ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಒಬ್ಬ ಗೆಳೆಯನಿಂದ. ಅವನೂ ನನ್ನ ಜೊತೆ ಮೂಟೆ ಹೊರುತ್ತಿದ್ದ. ಸೊಂಟ ಹೋದ ಮೇಲೆ ಪೇಟೆಯ ದೊಡ್ಡ ಹೋಟೆಲೊಂದರಲ್ಲಿ ಬಾಗಿಲು ತೆರೆಯುವ ಕೆಲಸಕ್ಕೆ ಸೇರಿದ. ಅವನ ಮೈಯಿಂದ ಒಂದು ಕೋಟು ಇಳಿಸಲು ನಾನು ಹೊರಟೆ. ಆಗ ನಡೆದದ್ದನ್ನು ಇಲ್ಲಿ ಬರೆದಿದ್ದೇನೆ. ನಗು ಬಂದರೆ ನಗಿ. ನನಗೆ ಬರುವುದಿಲ್ಲ.

ಡ್ರೈ ಕ್ಲೀನ್ ಮಾತ್ರ

ಮೊದಲು ಆ ಕೋಟಿನ ಪರಿಚಯ ಆಗಬೇಕು. ಕುಂಕುಮ ಬಣ್ಣದ ದಪ್ಪ ಉಣ್ಣೆ. ಮೊಣಕಾಲಿನ ತನಕ ಉದ್ದ. ಗಂಟಲು ಹಿಸುಕುವಂಥ ಎತ್ತರದ ಕಾಲರು. ಹೆಗಲ ಮೇಲೆ ಚಿನ್ನದ ಬಣ್ಣದ ಪಟ್ಟಿ, ಅದರ ತುದಿಗೆ ಕುಚ್ಚು. ಎದೆಯ ಮೇಲೆ ಅಡ್ಡಡ್ಡ ಹೊಲಿದ ಹುರಿ, ಎರಡು ಸಾಲು ಹಿತ್ತಾಳೆ ಗುಂಡಿ. ಹಿಮ ಬೀಳುವ ದೇಶದಲ್ಲಿ ಅರಮನೆ ಕಾಯುವವನಿಗಾದರೆ ಸರಿ. ನಮ್ಮವನು ನಿಲ್ಲುವುದು ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲಲ್ಲಿ, ಏಪ್ರಿಲಿನ ಮಧ್ಯಾಹ್ನದ ಸೆಕೆಯಲ್ಲಿ. ಒಳಗೆ ಏಸಿ. ಅವನು ಬಾಗಿಲು ತೆರೆದಾಗಲೆಲ್ಲ ಬೊಗಸೆಯಷ್ಟು ತಂಪು ಹೊರಗೆ ಬರುತ್ತದೆ.

"ಗೆಸ್ಟ್ ಬರಲಿ ಅಂತ ನನ್ನಷ್ಟು ಆಸೆ ಧಣಿಗೂ ಇರ್ಲಿಕ್ಕಿಲ್ಲ ಅಣ್ಣ," ಎಂದು ಅವನೇ ಹೇಳಿದ್ದ.

ಅವನ ಕುತ್ತಿಗೆಯ ಸುತ್ತ ಬೆವರುಸಾಲೆ ಎದ್ದು ಹುಣ್ಣಾಗಿತ್ತು. ಒಂದು ಮಧ್ಯಾಹ್ನ ನಾನು ಅವನನ್ನು ನೋಡಲು ಹೋದವನು ಗೇಟಿನ ಹತ್ತಿರ ಇದ್ದೆ. ಕಾರೊಂದು ಬಂತು, ಇವನು ಬಾಗಿಲಿಗೆ ಕೈ ಚಾಚಿದ, ಹಾಗೆಯೇ ಕುಸಿದು ಬಿದ್ದ. ನಾನು ಓಡಿ ಹೋಗಿ ಕಾಲರಿನ ಕೊಂಡಿ ಬಿಚ್ಚತೊಡಗಿದೆ. ಯಾರೋ ಒಂದು ಚೊಂಬು ನೀರು ತಂದರು. ಅಷ್ಟರಲ್ಲಿ ಮ್ಯಾನೇಜರು ಒಳಗಿನಿಂದ ಓಡಿ ಬಂದ. ಪಾಪ, ಗಾಬರಿಯಾಗಿದ್ದಾನೆ, ಮನುಷ್ಯತ್ವ ಉಂಟು ಎಂದು ನಾನು ತಿಳಿದೆ.

"ಮೆಲ್ಲ, ಮೆಲ್ಲ!" ಎಂದು ಕೂಗಿದ ಅವನು. "ನೀರು ಮನುಷ್ಯನ ಮೇಲೆ ಮಾತ್ರ ಹಾಕಿ. ಕೋಟು ಡ್ರೈ ಕ್ಲೀನ್ ಮಾತ್ರ!"

ಆಫೀಸರನ ತುರಿಕೆ

ಅವತ್ತಿನಿಂದ ನಾನು ಕೋಟುಗಳ ಬೆನ್ನು ಬಿದ್ದೆ. ಲೈಬ್ರರಿಯಲ್ಲಿ ಸಿಕ್ಕಿದ್ದನ್ನು ಅಲ್ಲಿ ಓದಿದೆ, ಸಿಗದ್ದನ್ನು ಫೋನಿನಲ್ಲಿ ಓದಿದೆ. ಓದಿದಷ್ಟೂ ಸಿಟ್ಟು ಏರಿತು. ನಾವು ಶೋಕಿ ಅಂದುಕೊಂಡದ್ದರಲ್ಲಿ ಅರ್ಧ ಯುದ್ಧದ ಸಾಮಾನು. ಸಿನಿಮಾದ ಪತ್ತೇದಾರರು ಸೊಂಟಕ್ಕೆ ಬೆಲ್ಟು ಬಿಗಿದು ಹಾಕುವ ಉದ್ದ ಕೋಟು, ಕಂದಕದ ಕೆಸರಿನಲ್ಲಿ ಮಳೆಗೆ ನೆನೆಯುತ್ತ ಕೂತ ಸೇನಾಧಿಕಾರಿಗಳಿಗಾಗಿ ಹೊಲಿದದ್ದು. ಎದೆಯ ಅಡ್ಡ ಹುರಿ ಹಂಗೇರಿಯ ಕುದುರೆ ಸವಾರರದ್ದು. ಹೆಗಲ ಪಟ್ಟಿ ಬಂದೂಕಿನ ಬೆಲ್ಟು ಜಾರದಿರಲಿ ಎಂದು. ಹಿಂಭಾಗದ ಸೀಳು ಕುದುರೆ ಹತ್ತುವವನಿಗಾಗಿ. ನಮ್ಮಲ್ಲಿ ಆ ಸೀಳಿನವರು ಸ್ಕೂಟರು ಹತ್ತುತ್ತಾರೆ. ಎರಡು ಸಾಲು ಗುಂಡಿ, ಹಡಗಿನವರ ಎದೆಗೆ ಸಮುದ್ರದ ಚಳಿಗಾಳಿ ತಾಗದಿರಲಿ ಎಂದು. ಪಣಂಬೂರಿಗೆ ಬರುವ ನಿಜವಾದ ಹಡಗಿನವರು ಚಡ್ಡಿ ಬನಿಯನಿನಲ್ಲಿ ಇಳಿಯುತ್ತಾರೆ. ಹಡಗಿನವರ ಕೋಟು ಹಾಕಿಕೊಂಡು ಅವರಿಗೆ ಬಾಗಿಲು ತೆರೆಯುವವನು ನಮ್ಮ ಗೆಳೆಯ.

ಒಂದು ಕೋಟು ಎಲ್ಲಿಂದ ಬಂತೆಂದು ಗೊತ್ತಾದರೆ ಮನುಷ್ಯ ಅದನ್ನು ಕಿತ್ತೆಸೆಯುತ್ತಾನೆ ಎಂದು ನಾನು ನಂಬಿದ್ದೆ. ಗೂಡಂಗಡಿಯಲ್ಲಿ ಚಾ ಕುಡಿಸುತ್ತ ಗೆಳೆಯನಿಗೆ ಎಲ್ಲ ಹೇಳಿದೆ. ನಿನ್ನ ಮೈಮೇಲೆ ಇರುವುದು ಸತ್ತು ಹೋದ ಸೈನ್ಯಗಳ ಚಿಂದಿ, ನಿನ್ನನ್ನು ಗೊಂಬೆ ಮಾಡಿದ್ದಾರೆ ಎಂದೆ. ಅವನು ಚಾದ ಗ್ಲಾಸು ಕೆಳಗಿಟ್ಟು ಹೆಗಲ ಪಟ್ಟಿಯನ್ನು ಮುಟ್ಟಿ ನೋಡಿದ.

"ಅಂದ್ರೆ ಇದು ಆಫೀಸರ್‌ಗಳದ್ದಾ?"

"ಹೌದು. ಅದೇ ನಾನು ಹೇಳುವುದು. ನಿನಗೆ ಯಾಕೆ?"

ಮರುದಿನ ಹೋಗಿ ನೋಡುತ್ತೇನೆ, ಹೋದ ಸೊಂಟ ನೆಟ್ಟಗಾಗಿದೆ. ಪ್ರತಿ ಕಾರಿಗೂ ಹಿಮ್ಮಡಿ ಕುಟ್ಟಿ ಸೆಲ್ಯೂಟು. ಗೆಸ್ಟುಗಳಿಗೆ ಖುಷಿಯೋ ಖುಷಿ. ಇನ್ನು ಮುಂದೆ ಬಾಗಿಲ ಎಲ್ಲ ಪಾಳಿಯವರೂ ಹಾಗೆಯೇ ಕುಟ್ಟಬೇಕು ಎಂದು ಮ್ಯಾನೇಜರು ಹೊರಡಿಸಿದ ಆದೇಶ ಸಂಜೆಯೊಳಗೆ ಬಂತು. ಕೋಟು ಇಳಿಯಲಿಲ್ಲ, ಕೆಲಸ ಹೆಚ್ಚಾಯಿತು.

"ಕುತ್ತಿಗೆ ಹೇಗುಂಟು?" ಎಂದು ಕೇಳಿದೆ.

"ತುರಿಕೆ ಅಷ್ಟೇ ಉಂಟು ಅಣ್ಣ. ಆದ್ರೆ ಈಗ ತುರಿಸುವುದು ಆಫೀಸರಿಗಲ್ವ? ಸ್ವಲ್ಪ ಮರ್ಯಾದೆಯಲ್ಲಿ ತುರಿಸ್ತದೆ."

ಕುರ್ಚಿಯ ಮೇಲಿನ ವಕೀಲರು

ಆ ಮರ್ಯಾದೆ ಹೆಚ್ಚು ದಿನ ಉಳಿಯಲಿಲ್ಲ. ಹುಣ್ಣಿನಲ್ಲಿ ಕೀವು ತುಂಬಿತು. ಡಾಕ್ಟರು ಒಂದೇ ಮಾತು ಹೇಳಿದರು: ಕುತ್ತಿಗೆಗೆ ಗಾಳಿ ಬೇಕು. ಡಾಕ್ಟರ ಚೀಟಿ ತೋರಿಸಿದ್ದಕ್ಕೆ ಮ್ಯಾನೇಜರು, "ಕೋಟು ಬೇಡದಿದ್ದರೆ ಕೆಲಸ ಬೇಡ," ಎಂದ. ಗೆಳೆಯನಿಗೆ ಎರಡೂ ಬೇಕಿತ್ತು, ಕೆಲಸವೂ ಕುತ್ತಿಗೆಯೂ. ನಾನು ಕಾನೂನು ಕೇಳಲು ಕೋರ್ಟಿನ ಹತ್ತಿರದ ಒಬ್ಬ ವಕೀಲರ ಆಫೀಸಿಗೆ ಹೋದೆ.

ಅವರು ಕರಿಯ ಕೋಟಿನಲ್ಲಿ ತೊಯ್ದು ಕೂತು ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ನನ್ನ ಮಾತು ಕೇಳಿ ನಿಜವಾಗಿಯೂ ಮರುಗಿದರು.

"ಈ ಸೆಕೆಯಲ್ಲಿ ಮನುಷ್ಯನಿಗೆ ಕೋಟು ಹಾಕಿಸುವುದಾ? ಇದು ಅಮಾನುಷ ಮಾರಾಯ್ರೆ."

"ನಿಮ್ಮದು?"

"ನಮ್ಮದು ವೃತ್ತಿಯ ಗೌರವ."

ನನಗೆ ತಡೆಯಲು ಆಗಲಿಲ್ಲ. ನಿಮ್ಮ ಕರಿ ಬಣ್ಣ ಬಂದದ್ದು ಇಂಗ್ಲೆಂಡಿನಲ್ಲಿ ಯಾರೋ ರಾಜನೋ ರಾಣಿಯೋ ಸತ್ತಾಗ ಅಲ್ಲಿಯ ವಕೀಲರು ಸೂತಕಕ್ಕೆ ಹಾಕಿದ್ದರಿಂದ ಎಂದು ಹೇಳುತ್ತಾರೆ, ನಮ್ಮಲ್ಲಿ ಹೆತ್ತ ಅಪ್ಪ ಸತ್ತರೂ ಹದಿಮೂರನೆಯ ದಿನದ ಬೊಜ್ಜ ಮುಗಿದ ಮೇಲೆ ಸೂತಕ ಕಳೆಯುತ್ತದೆ, ನೀವು ಆ ಮನೆಯವರಿಗೆ ಎಂತ ಆಗಬೇಕು ಎಂದು ಕೇಳಿದೆ. ಅವರು ಒಳ್ಳೆಯವರು, ನಕ್ಕರು.

"ಬೇಸಿಗೆಯಲ್ಲಿ ನಮ್ಮ ಕೋರ್ಟಿಗೆ ಕೋಟು ಕಡ್ಡಾಯ ಇಲ್ಲ. ವಿನಾಯಿತಿ ಉಂಟು. ಆದರೆ ತೆಗೆದರೆ ಕಕ್ಷಿದಾರರು ನನ್ನನ್ನು ಗುಮಾಸ್ತ ಅಂತ ತಿಳ್ಕೊಳ್ತಾರೆ."

"ಹೋಗಲಿ, ಈಗ ಯಾರೂ ಇಲ್ಲ. ಒಂದು ಗಳಿಗೆ ತೆಗೆದು ನೋಡಿ."

ನನ್ನ ಒತ್ತಾಯಕ್ಕೆ ಎದ್ದು, ಕೋಟು ಬಿಚ್ಚಿ ತಮ್ಮ ಕುರ್ಚಿಯ ಬೆನ್ನಿಗೆ ಹಾಕಿ, ಕಿಟಕಿಯ ಹತ್ತಿರ ನಿಂತು ಉಸಿರು ಬಿಟ್ಟರು. ಆಗಲೇ ಒಬ್ಬ ಕಕ್ಷಿದಾರ ಒಳಗೆ ಬಂದ. ಕುರ್ಚಿಯ ಮೇಲಿದ್ದ ಕೋಟಿಗೆ ಬಗ್ಗಿ ನಮಸ್ಕಾರ ಮಾಡಿದ. ಆಮೇಲೆ ಕಿಟಕಿಯ ಹತ್ತಿರ ನಿಂತಿದ್ದ ವಕೀಲರ ಕಡೆ ತಿರುಗಿ ಕೇಳಿದ:

"ಸಾರ್ ಹೊರಗೆ ಹೋಗಿದ್ದಾರಾ? ಯಾವಾಗ ಬರ್ತಾರೆ?"

ಹಾಕದ ಗುಂಡಿ

ಕೋಟು ಮತ್ತೆ ಹಾಕಿಕೊಂಡ ಮೇಲೆ ವಕೀಲರು ಒಂದು ಒಳ್ಳೆಯ ಸಲಹೆ ಕೊಟ್ಟರು: "ಬರೇ ಬೇಡ ಬೇಡ ಅನ್ನಬೇಡಿ. ಅದರ ಬದಲು ಇದು ಅಂತ ಒಂದು ಅಂಗಿ ತೋರಿಸಿ." ಹಾಗೆ ನಾನು ಕಂಕನಾಡಿಗೆ ಹೋದೆ. ಅಲ್ಲಿ ಒಬ್ಬ ಬ್ಯಾರಿ ಸಾಹೇಬರ ಅಂಗಡಿ ಉಂಟು. ಗಲ್ಫಿನಲ್ಲಿ ದರ್ಜಿಯಾಗಿದ್ದು ಊರಿಗೆ ಬಂದವರು. ಈಗ ಮದುಮಕ್ಕಳಿಗೆ ಸೂಟು ಬಾಡಿಗೆಗೆ ಕೊಡುತ್ತಾರೆ.

ತೆಳುವಾದ ಹತ್ತಿಯ ಅರ್ಧ ತೋಳಿನ ಅಂಗಿ, ತೆರೆದ ಕಾಲರು, ಇಷ್ಟು ನನಗೆ ಬೇಕಿದ್ದದ್ದು. ಸಾಹೇಬರು ಅಳತೆ ಕೇಳಿ ಬರೆದುಕೊಳ್ಳುವಾಗ ಒಬ್ಬ ಮದುಮಗ ತನ್ನ ಸೋದರಮಾವನ ಜೊತೆ ಬಂದ. ಮದುವೆ ಮೇ ತಿಂಗಳಲ್ಲಿ. ಅವನಿಗೆ ಬೇಕಿದ್ದದ್ದು ಮೂರು ತುಂಡಿನ ಸೂಟು: ಪ್ಯಾಂಟು, ಒಳಗೊಂದು ತೋಳಿಲ್ಲದ ಕೋಟು, ಅದರ ಮೇಲೆ ಇನ್ನೊಂದು ಕೋಟು. ಹಾಕಿ ನೋಡಿದ. ಒಳಗಿನ ಕೋಟಿನ ಕೊನೆಯ ಗುಂಡಿ ಹೊಟ್ಟೆಯ ಮೇಲೆ ಬರಲಿಲ್ಲ. ಮಾವ ಎಳೆದರು, ಸಾಹೇಬರು ಎಳೆದರು.

ನನಗೆ ಕನಿಕರ ಬಂತು. ಬಿಟ್ಟುಬಿಡಿ, ಆ ಗುಂಡಿ ಯಾರೂ ಹಾಕುವುದಿಲ್ಲ ಎಂದೆ. ಹಿಂದೆ ಇಂಗ್ಲೆಂಡಿನ ಒಬ್ಬ ರಾಜನಿಗೆ ತಿಂದು ತಿಂದು ಹೊಟ್ಟೆ ಬಂತಂತೆ, ಗುಂಡಿ ಹಾಕಲಿಕ್ಕೆ ಆಗದೆ ಬಿಟ್ಟನಂತೆ, ಅವನಿಗೆ ಅವಮಾನ ಆಗದಿರಲಿ ಎಂದು ಸುತ್ತಲಿದ್ದವರೆಲ್ಲ ಬಿಟ್ಟರಂತೆ, ಇಡೀ ಲೋಕ ಇಂದಿಗೂ ಬಿಡುತ್ತದೆ. ಒಬ್ಬನ ಹೊಟ್ಟೆಗಾಗಿ ಲೋಕವೇ ತಲೆ ಬಾಗಿಸಿದ್ದು ನೋಡಿ, ನಾಚಿಕೆಯಾಗಬೇಡವೇ ಎಂದು ಸ್ವರ ಏರಿಸಿದೆ.

ಮಾವನ ಮುಖ ಅರಳಿತು. "ರಾಜನ ಪದ್ಧತಿಯಾ? ಹಾಗಾದ್ರೆ ನಮ್ಮ ಹುಡುಗನದ್ದೂ ಬಿಡುವ. ನೀನು ಫೋಟೋದವನಿಗೆ ಹೇಳು ಮಾರಾಯ, ಆ ಗುಂಡಿ ಸರೀ ಕಾಣಬೇಕು ಅಂತ." ಮದುಮಗನ ತಮ್ಮನಿಗೂ ಅಂಥದ್ದೇ ಒಂದು ಇರಲಿ ಎಂದರು. ತಮಗೂ ಒಂದು ಎಂದರು.

ಅವರು ಹೋದ ಮೇಲೆ ಸಾಹೇಬರು ನನಗೆ ಒಳಗಿನಿಂದ ಕುರ್ಚಿ ತಂದು ಹಾಕಿದರು. ಫ್ಯಾನು ನನ್ನ ಕಡೆ ತಿರುಗಿಸಿದರು.

"ನಿಮ್ಮ ಅಂಗಿ ನಾನೇ ಹೊಲಿದು ಕೊಡ್ತೇನೆ. ನೀವು ಒಂದು ಉಪಕಾರ ಮಾಡಿ. ಮದುವೆ ಸೀಸನ್ ಮುಗಿಯುವ ತನಕ ದಿನಾ ಬಂದು ಇಲ್ಲಿ ಕೂತು ಕೋಟಿಗೆ ಬೈಯಿರಿ."

ಎದೆಯ ಮೇಲಿನ ಹುಟ್ಟು

ಗೆಳೆಯನ ಮನೆ ಕಾವೂರಿನಲ್ಲಿ. ಅವನ ಮಗಳು ಹೋಗುವ ಶಾಲೆಯಲ್ಲಿ ಆ ವರ್ಷ ಬ್ಲೇಜರು ಕಡ್ಡಾಯ ಮಾಡಿದರು. ಅಪ್ಪನಿಗೆ ಉಣ್ಣೆ, ಮಗಳಿಗೆ ಉಣ್ಣೆ. "ನಮ್ಮ ಮನೆ ಈಗ ಕಾಶ್ಮೀರ," ಎಂದಳು ಅವನ ಹೆಂಡತಿ. ಪೋಷಕರ ಸಭೆಗೆ ದೊಡ್ಡಪ್ಪ ಅಂತ ನಾನೇ ಹೋದೆ.

ಎದ್ದು ನಿಂತು ಹೇಳಿದೆ: ಈ ಬ್ಲೇಜರು ಇಂಗ್ಲೆಂಡಿನ ಸಿರಿವಂತರ ಮಕ್ಕಳು ಕಾಲೇಜಿನಲ್ಲಿ ದೋಣಿ ಹುಟ್ಟು ಹಾಕುವಾಗ ಚಳಿಗೆ ಹಾಕುತ್ತಿದ್ದ ಕೆಂಪು ಅಂಗಿ. ನಮ್ಮ ಮಕ್ಕಳು ಸಿಟಿ ಬಸ್ಸಿನಲ್ಲಿ ನೇತಾಡಿಕೊಂಡು ಬರುವವರು. ಅವರಿಗೆ ಯಾಕೆ ಈ ಶಿಕ್ಷೆ?

ಹೆಡ್‌ಮಿಸ್ಸು ಬರೆದುಕೊಳ್ಳುತ್ತಿದ್ದರು. ನಾಟಿತು ಎಂದುಕೊಂಡೆ. ಪಕ್ಕದಲ್ಲಿ ಕೂತ ಒಬ್ಬ ತಾಯಿ ನನಗೆ ಚಪ್ಪಾಳೆಯನ್ನೂ ತಟ್ಟಿದರು.

ತಿಂಗಳು ಕಳೆಯುವುದರೊಳಗೆ ಮಕ್ಕಳ ಬ್ಲೇಜರಿನ ಎದೆಗೆ ಹೊಸ ಲಾಂಛನ ಬಂತು. ಒಂದು ಕೆರೆ, ಅದರ ಮೇಲೆ ಅಡ್ಡಡ್ಡ ಇಟ್ಟ ಎರಡು ಹುಟ್ಟು. ನಾನು ಹೋಗಿ ಇದು ಎಂತ ಎಂದು ಕೇಳಿದರೆ ಹೆಡ್‌ಮಿಸ್ಸು ಪ್ರೀತಿಯಿಂದ ನಕ್ಕರು. "ನಿಮ್ಮದೇ ಐಡಿಯಾ ಸರ್. ನಮ್ಮ ಕಾವೂರಿನಲ್ಲಿ ಕೆರೆ ಹೇಗೂ ಉಂಟಲ್ಲ."

"ದೋಣಿ?"

"ಮಕ್ಕಳಿಗೆ ನೀರಿನ ಹತ್ತಿರ ಹೋಗ್ಲಿಕ್ಕೆ ನಾವು ಬಿಡುವುದಿಲ್ಲ ಸರ್. ಡೇಂಜರ್ ಅಲ್ವ?"

ನಮ್ಮೂರಿನ ಬಣ್ಣ

ಸಾಹೇಬರು ಹೊಲಿದು ಕೊಟ್ಟ ಅಂಗಿ ಚೆನ್ನಾಗಿತ್ತು. ಖಾಕಿ ಬಣ್ಣ ನಾನೇ ಆರಿಸಿದ್ದೆ. ಅದಕ್ಕೆ ಕಾರಣ ಉಂಟು. ಈ ಖಾಕಿಯನ್ನು ಮೊದಲು ಅದ್ದಿ ತೆಗೆದದ್ದು ನಮ್ಮ ಮಂಗಳೂರಿನ ಒಂದು ಹಳೆಯ ಮಿಶನ್ ನೇಯ್ಗೆ ಕಾರ್ಖಾನೆಯಲ್ಲಿ ಎಂದು ಊರಿನ ಹಿರಿಯರು ಹೇಳುತ್ತಾರೆ. ಬೇರೆಡೆಯವರು ಅದು ತಮ್ಮದು ಎನ್ನುತ್ತಾರೆ, ಎನ್ನಲಿ. ಲೋಕದ ಕೋಟುಗಳೆಲ್ಲ ಬೇರೆಯವರ ಚಳಿಯಿಂದ ಹುಟ್ಟಿದವು. ನಮ್ಮ ಸೆಕೆಗೆಂದು, ನಮ್ಮ ಮಗ್ಗದಲ್ಲಿ ಹುಟ್ಟಿದ್ದು ಇದೊಂದೇ. ಈ ಸಲ ನನ್ನ ಇತಿಹಾಸ ನನ್ನ ಕಡೆಗೇ ನಿಲ್ಲುತ್ತದೆ ಎಂದು ಖಾತ್ರಿ ಇತ್ತು.

ಹೋಟೆಲಿನ ಧಣಿ ನಮ್ಮನ್ನು ಒಳಗೆ ಕೂರಿಸಿ ಎಳನೀರು ಕೊಡಿಸಿದರು. ಏಸಿಯಲ್ಲಿ ಗೆಳೆಯನ ಕುತ್ತಿಗೆಯ ಹುಣ್ಣು ಉರಿಯುವುದು ನಿಂತಿತ್ತೋ ಏನೋ, ಅವನು ಕಣ್ಣು ಮುಚ್ಚಿ ಕೂತಿದ್ದ. ಧಣಿ ಅಂಗಿಯನ್ನು ಬಿಡಿಸಿ ನೋಡಿದರು. ಬಟ್ಟೆಯನ್ನು ಬೆರಳಿನಲ್ಲಿ ಉಜ್ಜಿದರು. ನನ್ನ ಭಾಷಣವನ್ನು ಕೊನೆಯ ತನಕ ಕೇಳಿದರು.

"ಎಲ್ಲ ಸರಿ. ಊರಿನ ಹೆಮ್ಮೆ, ಒಪ್ಪುತ್ತೇನೆ. ಆದರೆ ಒಂದು ಕಷ್ಟ ಉಂಟು ಮಾರಾಯ್ರೆ."

"ಎಂತದು?"

"ಬಾಗಿಲಲ್ಲಿ ಖಾಕಿ ಕಂಡರೆ ನಮ್ಮ ಒಳ್ಳೊಳ್ಳೆಯ ಗೆಸ್ಟುಗಳು ಗೇಟಿನಿಂದಲೇ ಕಾರು ತಿರುಗಿಸ್ತಾರೆ."

ಕೋಟು ಇಳಿಯಿತು

ಮಾತಿನಿಂದ ಆಗದ್ದನ್ನು ನಾವು ಬೀದಿಯಲ್ಲಿ ಮಾಡುವವರು. ನಾನು ಕರಪತ್ರ ಬರೆದೆ. ಪುಟಕ್ಕೊಂದು ಕೋಟು, ಅದರ ಹುಟ್ಟು, ಅದರ ಹಿಂದಿನ ರಕ್ತ, ಅದನ್ನು ಬಡವನ ಮೈಗೆ ಹೊಲಿದ ಗುಲಾಮಗಿರಿ. ಮೊದಲ ಪುಟದಲ್ಲಿ ಬಾಗಿಲಿನವನ ಕೋಟು. ಹೋಟೆಲಿನ ಎದುರು ನಿಂತು ಹಂಚಿದೆವು. ಪಣಂಬೂರಿನ ಹಳೆಯ ಗೆಳೆಯರು ಬಂದು ಘೋಷಣೆ ಕೂಗಿದರು. ಜನ ಕರಪತ್ರ ತೆಗೆದುಕೊಂಡು, ಮಡಚಿ, ಅದರಿಂದಲೇ ಗಾಳಿ ಹಾಕಿಕೊಂಡು ಹೋದರು. ನನ್ನ ಇಡೀ ಜೀವನದಲ್ಲಿ ನಾನು ಬರೆದದ್ದನ್ನು ಕೂತು ಓದಿದವರು ಯಾರಾದರೂ ಇದ್ದರೆ ಅದು ಆ ಧಣಿ ಮಾತ್ರ.

ಒಂದು ಬೆಳಿಗ್ಗೆ ಅವರೇ ಫೋನು ಮಾಡಿದರು. "ನಿಮ್ಮ ಕರಪತ್ರ ಓದಿ ನನ್ನ ಕಣ್ಣು ತೆರೆಯಿತು. ಆ ಕೋಟು ಇವತ್ತೇ ತೆಗೆಸ್ತೇನೆ."

ಫೋನು ಇಟ್ಟವನೇ ನಾನು ಹೋಟೆಲಿಗೆ ಓಡಿದೆ. ಗೆಳೆಯ ತನ್ನ ಕೈಯಾರೆ ಹಿತ್ತಾಳೆ ಗುಂಡಿ ಒಂದೊಂದೇ ಬಿಚ್ಚಿ ಕೋಟನ್ನು ಮ್ಯಾನೇಜರಿಗೆ ಒಪ್ಪಿಸಿದ. ಆ ವಾರ ಅವನು ತನ್ನ ಅಂಗಿಯಲ್ಲೇ ಬಾಗಿಲಲ್ಲಿ ನಿಂತ. ಹುಣ್ಣು ಒಣಗತೊಡಗಿತು. ಅವನ ಹೆಂಡತಿ ನನ್ನ ಮನೆಗೆ ಕೋರಿರೊಟ್ಟಿ ಕಳಿಸಿದಳು. ಇಷ್ಟು ವರ್ಷ ಕೂಗಿದ್ದಕ್ಕೆ ಒಂದು ಕುತ್ತಿಗೆಯಾದರೂ ಉಳಿಯಿತು ಎಂದು ನಾನು ಅವತ್ತು ಹೊಟ್ಟೆ ತುಂಬ ಉಂಡೆ.

ಮುಂದಿನ ವಾರ ಧಣಿಯಿಂದ ಕರೆ ಬಂತು, ಒಂದು ಸಣ್ಣ ಕಾರ್ಯಕ್ರಮ ಉಂಟು, ನೀವೇ ಮುಖ್ಯ ಅತಿಥಿ ಎಂದು. ಹೋದೆ. ಮ್ಯಾನೇಜರು ನನ್ನನ್ನು ಹಿಂಬಾಗಿಲಿನಿಂದ ಕರೆದುಕೊಂಡು ಹೋದ. ಹೋಟೆಲಿನ ಒಳಗೆ, ಏಸಿಯ ಬಾಯಿಯ ನೇರ ಕೆಳಗೆ, ಗಾಜಿನ ದೊಡ್ಡ ಪೆಟ್ಟಿಗೆ. ಅದರೊಳಗೆ ತಲೆಯಿಲ್ಲದ ಗೊಂಬೆಯ ಮೈಮೇಲೆ ಆ ಕುಂಕುಮ ಬಣ್ಣದ ಕೋಟು. ಮೇಲಿನಿಂದ ಮೆಲ್ಲನೆಯ ದೀಪ. ಪಕ್ಕದಲ್ಲಿ ಹಿತ್ತಾಳೆಯ ಫಲಕ, ಅದರ ಮೇಲೆ ನನ್ನ ಕರಪತ್ರದ ಮೊದಲ ಪುಟ ಅಕ್ಷರಕ್ಕೆ ಅಕ್ಷರ. ಒಂದು ಪದ ಮಾತ್ರ ಬದಲು: 'ಗುಲಾಮಗಿರಿ' ಇದ್ದಲ್ಲಿ 'ಪರಂಪರೆ'. ನನಗೆ ಶಾಲು ಹೊದೆಸಿದರು. ಆ ಸೆಕೆಯಲ್ಲಿ ಅದೂ ಉಣ್ಣೆಯದ್ದೇ.

"ಇಷ್ಟು ಇತಿಹಾಸ ಇರುವ ಕೋಟನ್ನು ಬೆವರಿನಲ್ಲಿ ಹಾಳು ಮಾಡುವುದು ತಪ್ಪಲ್ವ?" ಎಂದರು ಧಣಿ. ಮ್ಯಾನೇಜರು ಗಾಜಿಗೆ ಅಂಟಿಸಿದ್ದ ಚೀಟಿಯನ್ನು ತೋರಿಸಿದ: ಕೋಟನ್ನು ಸದಾ ತಂಪಿನಲ್ಲಿ ಇಡಬೇಕು, ಯಾರೂ ಮುಟ್ಟಬಾರದು.

ನಾನು ಶಾಲು ಕಿತ್ತು ಕಂಕುಳಿಗೆ ಸಿಕ್ಕಿಸಿ ಹೊರಗೆ ಓಡಿದೆ. ಬಾಗಿಲಲ್ಲಿ ಗೆಳೆಯ ನಿಂತಿದ್ದ. ಕುತ್ತಿಗೆಯಿಂದ ಮೊಣಕಾಲಿನ ಕೆಳಗಿನ ತನಕ ಹೊಸ ಕೋಟು. ನೀರು ಹೊಗದ ದಪ್ಪ ಬಟ್ಟೆ, ಸೊಂಟಕ್ಕೆ ಬಿಗಿದ ಬೆಲ್ಟು, ಮಣಿಕಟ್ಟಿಗೆ ಪಟ್ಟಿ, ಎತ್ತಿ ನಿಲ್ಲಿಸಿದ ಕಾಲರು. ನೋಡಿದ ಕೂಡಲೇ ಗುರುತಾಯಿತು. ಕಂದಕದ ಕೆಸರಿನಲ್ಲಿ ಕೂತವರ ಕೋಟು. ನನ್ನ ಕರಪತ್ರದ ಎರಡನೆಯ ಪುಟ. ನೀರನ್ನು ಒಳಗೆ ಬಿಡದ ಬಟ್ಟೆ ಬೆವರನ್ನು ಹೊರಗೆ ಬಿಡುತ್ತದೆಯೇ?

"ಮಳೆಗಾಲ ಬರ್ತದೆ ಅಂತ ಧಣಿ ಮುಂಚಿತವಾಗಿ ಹೊಲಿಸಿದ್ದು," ಎಂದ ಅವನು. ಒಣಗುತ್ತಿದ್ದ ಕುತ್ತಿಗೆ ಆ ಕಾಲರಿನ ಒಳಗೆ ಮತ್ತೆ ಕೆಂಪಾಗತೊಡಗಿತ್ತು. ಕಾರೊಂದು ಬಂತು. ಅವನು ಹಿಮ್ಮಡಿ ಕುಟ್ಟಿ ಸೆಲ್ಯೂಟು ಹೊಡೆದ, ಬಾಗಿಲು ತೆರೆದ. ಬೊಗಸೆಯಷ್ಟು ತಂಪು ಹೊರಗೆ ಬಂತು, ಹೋಯಿತು. ಗಾಜಿನ ಪೆಟ್ಟಿಗೆಯ ದೀಪ ಒಂದು ಗಳಿಗೆ ಕಂಡು ಮರೆಯಾಯಿತು.

ಅವನು ನನ್ನ ಕಡೆ ತಿರುಗದೆ, ತುಟಿ ಅಲ್ಲಾಡಿಸದೆ ಕೇಳಿದ:

"ಅಣ್ಣ, ಮೂರನೆಯ ಪುಟದಲ್ಲಿ ಯಾವ ಕೋಟು ಉಂಟು?"

"ಹಳೆಯ ಕಾಲದ ವಿಮಾನ ಹಾರಿಸುವವರದ್ದು," ಎಂದೆ. "ಚರ್ಮದ್ದು. ಒಳಗೆ ಕುರಿಯ ತುಪ್ಪಳ."

ಅವನ ಮೂಗಿನ ತುದಿಯಿಂದ ಬೆವರಿನ ಹನಿಯೊಂದು ಬೆಲ್ಟಿನ ಮೇಲೆ ಬಿತ್ತು.

"ಧಣಿ ಅಲ್ಲಿಯ ತನಕ ಓದಿದ್ದಾರಾ?"